ಕೈಯಲ್ಲಿ ನರ ಎದ್ದು ಕಾಣುತ್ತಿದೆಯಾ? ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯ ಹಿಂಬದಿಯಲ್ಲಿ ಹಸಿರು, ನೀಲಿ ಗೆರೆಗಳು ಉಬ್ಬಿ ಕಂಡರೆ ಬಹಳ ಜನರಿಗೆ ದಿಗಿಲು. ಹೆಚ್ಚಿನ ಸಲ ಇದಕ್ಕೆ ಕಾರಣ ತೆಳು ಚರ್ಮ, ಕಡಿಮೆ ಕೊಬ್ಬು ಅಥವಾ ಬಿಸಿ ಹವೆ. ಕಾಯಿಲೆ ಕಾರಣವಾಗುವುದು ಅಪರೂಪ. ಆದರೆ ಆ ಅಪರೂಪದ್ದನ್ನು ಗುರುತು ಹಿಡಿಯುವುದು ಗೊತ್ತಿರಬೇಕು.

ಕೈಯಲ್ಲಿ ನರ ಎದ್ದು ಕಾಣುವುದು ಕಾಯಿಲೆಯ ಲಕ್ಷಣವಾ?

ಮೊದಲಿನಿಂದಲೂ ಹಾಗೇ ಇದ್ದು, ಎರಡೂ ಕೈಯಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಿದ್ದು, ನೋವು, ಊತ ಏನೂ ಇಲ್ಲದಿದ್ದರೆ ಚಿಂತೆ ಬೇಡ. ಈ ರಕ್ತನಾಳಗಳು ಎಲ್ಲರ ಕೈಯಲ್ಲೂ ಇವೆ. ಕೆಲವರಿಗೆ ಕಾಣುತ್ತವೆ, ಕೆಲವರಿಗೆ ಕಾಣುವುದಿಲ್ಲ, ಅಷ್ಟೇ. ವೈದ್ಯರು ಕೇಳುವುದು ಬದಲಾವಣೆಯ ಬಗ್ಗೆ. ನಿನ್ನೆ ಮೊನ್ನೆವರೆಗೆ ಇಲ್ಲದ್ದು ಇದ್ದಕ್ಕಿದ್ದಂತೆ ಬಂತಾ? ಒಂದೇ ಕೈಗೆ ಬಂತಾ? ಜೊತೆಗೆ ನೋವೋ ಬಾವೋ ಇದೆಯಾ? ಈ ಮೂರಕ್ಕೂ ಇಲ್ಲ ಅನ್ನುವವರು ನೆಮ್ಮದಿಯಾಗಿ ಮುಂದೆ ಓದಬಹುದು.

ನರ ದೌರ್ಬಲ್ಯದಿಂದ ಹೀಗಾಗುತ್ತದಾ?

ಇಲ್ಲ. ಚರ್ಮದ ಕೆಳಗೆ ನೀಲಿಯಾಗಿ ಕಾಣುವುದು ರಕ್ತನಾಳ, ಅಂದರೆ ಕೈಯಿಂದ ಹೃದಯಕ್ಕೆ ರಕ್ತವನ್ನು ವಾಪಸ್ ಒಯ್ಯುವ ಅಭಿಧಮನಿ. ಮೆದುಳಿನ ಸಂದೇಶ ಸಾಗಿಸುವ ನರಗಳು ಹೀಗೆ ಗೆರೆಯಾಗಿ ಹೊರಗೆ ಕಾಣುವುದಿಲ್ಲ. ಅಲ್ಲಿ ತೊಂದರೆ ಇದ್ದರೆ ಕೈ ಜೋಮು ಹಿಡಿಯುತ್ತದೆ, ಸೂಜಿ ಚುಚ್ಚಿದಂತಾಗುತ್ತದೆ, ಹಿಡಿತ ಸಡಿಲವಾಗಿ ಕೈಯಲ್ಲಿದ್ದ ಲೋಟ ಜಾರುತ್ತದೆ. ಹಾಗಾಗಿ ‘ನರ ಕಾಣ್ತಿದೆ’ ಅಂತ ಸುಮ್ನೆ ನರದ ಟಾನಿಕ್ಕು, ವಿಟಮಿನ್ ಮಾತ್ರೆ ತಂದು ನುಂಗಿದರೆ ಈ ಗೆರೆಗಳಲ್ಲಿ ಯಾವ ವ್ಯತ್ಯಾಸವೂ ಆಗದು. ದುಡ್ಡು ದಂಡ.

ಕೆಲವರಿಗೆ ಮಾತ್ರ ಇಷ್ಟು ಎದ್ದು ಕಾಣುವುದು ಯಾಕೆ?

ಚರ್ಮ ಮತ್ತು ನಾಳದ ನಡುವೆ ಕೊಬ್ಬಿನ ಪದರ ಇರುತ್ತದೆ. ದಪ್ಪ ಕಂಬಳಿಯ ಅಡಿಯಲ್ಲಿ ಇಟ್ಟ ಹಗ್ಗ ಗೊತ್ತಾಗುವುದಿಲ್ಲ, ತೆಳು ಬಟ್ಟೆಯ ಅಡಿಯಲ್ಲಿಟ್ಟರೆ ಅದರ ಪ್ರತಿ ತಿರುವೂ ಕಾಣುತ್ತದೆ. ಕೈಯ ಹಿಂಬದಿಯಲ್ಲಿ ಮೊದಲೇ ಈ ಪದರ ತೆಳು. ತೆಳ್ಳಗಿರುವವರಲ್ಲಿ ಇನ್ನೂ ತೆಳು.

ಮೈಬಣ್ಣವೂ ಲೆಕ್ಕಕ್ಕೆ ಬರುತ್ತದೆ. ತಿಳಿ ಬಣ್ಣದ ಚರ್ಮದಲ್ಲಿ ನಾಳದ ನೀಲಿ ಬೇಗ ಕಣ್ಣಿಗೆ ಬೀಳುತ್ತದೆ. ಕಪ್ಪು ಚರ್ಮದಲ್ಲಿ ಬಣ್ಣಕ್ಕಿಂತ ಉಬ್ಬು ಕಾಣುವುದು ಜಾಸ್ತಿ. ಇನ್ನು ಮನೆತನದಿಂದ ಬರುವುದೂ ಇದೆ. ಅಪ್ಪನ ಕೈಯೋ ಅಜ್ಜಿಯ ಕೈಯೋ ಹಾಗೇ ಇದ್ದರೆ ನಿಮ್ಮದೂ ಹಾಗಿರುವುದರಲ್ಲಿ ಆಶ್ಚರ್ಯವಿಲ್ಲ.

ದಿನವೂ ಕೈಯಿಂದ ಭಾರದ ಕೆಲಸ ಮಾಡುವವರಲ್ಲೂ ನಾಳಗಳು ದಪ್ಪಗೆ ಕಾಣುತ್ತವೆ. ಹೆಚ್ಚು ಬಳಸುವ ಕೈಯಲ್ಲಿ ಸ್ವಲ್ಪ ಜಾಸ್ತಿಯೇ ಕಾಣಬಹುದು. ಬಲಗೈಗೂ ಎಡಗೈಗೂ ಇರುವ ಈ ಚಿಕ್ಕ ವ್ಯತ್ಯಾಸಕ್ಕೆ ಹೆದರಬೇಕಿಲ್ಲ.

ವಯಸ್ಸಾದಂತೆ ಜಾಸ್ತಿ ಆಗುತ್ತದಲ್ವಾ?

ಹೌದು. ವಯಸ್ಸು ಏರಿದಂತೆ ಚರ್ಮ ತೆಳುವಾಗುತ್ತದೆ. ಅದನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್, ಎಲಾಸ್ಟಿನ್ ಕಡಿಮೆಯಾಗುತ್ತವೆ. ಕೈಯ ಹಿಂಬದಿಯ ಕೊಬ್ಬೂ ಕರಗುತ್ತದೆ. ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚುವವರು ಕೈಯನ್ನು ಮರೆತಿರುತ್ತಾರೆ. ವರ್ಷಗಟ್ಟಲೆ ಬಿಸಿಲು ಬಿದ್ದ ಆ ಚರ್ಮ ಬೇಗ ಸೊರಗುತ್ತದೆ.

ಹಿರಿಯರ ಕೈಯಲ್ಲಿ ಸಣ್ಣದಾಗಿ ತಗುಲಿದರೂ ನೇರಳೆ ಬಣ್ಣದ ಕಲೆ ಏಳುವುದೂ ಇದೇ ತೆಳು ಚರ್ಮದಿಂದ. ರಕ್ತ ತೆಳುಮಾಡುವ ಮಾತ್ರೆ, ಆಸ್ಪಿರಿನ್ ತೆಗೆದುಕೊಳ್ಳುವವರಲ್ಲಿ ಇದು ಹೆಚ್ಚು. ಕಲೆ ನೋಡಿ ಗಾಬರಿಯಾಗಿ ಮಾತ್ರೆಯನ್ನು ನೀವಾಗೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರನ್ನೇ ಕೇಳಿ.

ನನಗಿನ್ನೂ ಇಪ್ಪತ್ತು ದಾಟಿಲ್ಲ. ಆಗಲೇ ಕಾಣುತ್ತಿದೆಯಲ್ಲ?

ತೆಳ್ಳಗಿನ ಮೈಕಟ್ಟು, ವ್ಯಾಯಾಮ, ಮನೆತನ. ಈ ಮೂರರಲ್ಲಿ ಒಂದು ಕಾರಣವಾಗಿರುವ ಸಾಧ್ಯತೆ ಹೆಚ್ಚು. ಸ್ಟೆರಾಯ್ಡ್ ಇರುವ ಮುಲಾಮನ್ನು ಕೈಗೆ ತಿಂಗಳುಗಟ್ಟಲೆ ಹಚ್ಚಿದ್ದೀರಾ ಅಂತ ಮಾತ್ರ ನೆನಪು ಮಾಡಿಕೊಳ್ಳಿ. ಅದು ಚರ್ಮವನ್ನು ತೆಳುಮಾಡುತ್ತದೆ. ತುರಿಕೆಗೆಂದು ಅಂಗಡಿಯಲ್ಲಿ ಕೇಳಿ ತಂದ ಮುಲಾಮಿನಲ್ಲೂ, ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮುಗಳಲ್ಲೂ ಸ್ಟೆರಾಯ್ಡ್ ಇರುವುದುಂಟು. ಡಬ್ಬದ ಮೇಲಿನ ಸಣ್ಣ ಅಕ್ಷರ ಓದಿ ನೋಡಿ.

ಮಕ್ಕಳ ಕೈಯಲ್ಲಿ ಕಂಡರೆ?

ಮಗು ಚೆನ್ನಾಗಿ ಉಣ್ಣುತ್ತಾ, ಆಡುತ್ತಾ, ಬೆಳೆಯುತ್ತಾ ಇದ್ದರೆ ಅದೂ ಸಹಜವೇ. ಮಕ್ಕಳ ಚರ್ಮ ತೆಳು.

ವ್ಯಾಯಾಮ ಮಾಡಿದಾಗ ಉಬ್ಬುತ್ತದೆ. ಇದು ಒಳ್ಳೆಯದಾ, ಕೆಟ್ಟದ್ದಾ?

ಎರಡೂ ಅಲ್ಲ, ಸಹಜ. ಭಾರ ಎತ್ತುವಾಗ ಸ್ನಾಯುವಿಗೆ ರಕ್ತ ಜಾಸ್ತಿ ಹರಿಯುತ್ತದೆ. ರಕ್ತದ ನೀರಿನಂಶ ಸ್ವಲ್ಪ ಸ್ನಾಯುವಿನೊಳಗೆ ಇಳಿದು ಅದು ಊದಿಕೊಳ್ಳುತ್ತದೆ. ಊದಿದ ಸ್ನಾಯು ಮೇಲಿನ ನಾಳಗಳನ್ನು ಚರ್ಮದ ಕಡೆಗೆ ತಳ್ಳುತ್ತದೆ. ಸ್ವಲ್ಪ ಹೊತ್ತು ಸುಧಾರಿಸಿಕೊಂಡರೆ ಎಲ್ಲ ಮೊದಲಿನಂತಾಗುತ್ತದೆ.

ಜಿಮ್‌ನಲ್ಲಿ ನರ ಉಬ್ಬಿಸಿ ಫೋಟೋ ಹಾಕುವುದು ಒಂದು ಗೀಳೇ ಆಗಿದೆ. ಆದರೆ ಮೈಯಲ್ಲಿ ಕೊಬ್ಬು ಕಡಿಮೆ ಇದೆ ಅನ್ನುವುದಷ್ಟೇ ಅದರಿಂದ ತಿಳಿಯುತ್ತದೆ. ಹೃದಯ ಗಟ್ಟಿಯಾಗಿದೆ ಅಂತಲೋ, ಶಕ್ತಿ ಜಾಸ್ತಿ ಅಂತಲೋ ಅರ್ಥವಲ್ಲ. ನರ ಕಾಣಲಿ ಅಂತ ನೀರು ಕುಡಿಯುವುದನ್ನೇ ನಿಲ್ಲಿಸುವುದು, ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವುದು ನನ್ನ ಪ್ರಕಾರ ಶುದ್ಧ ಹುಚ್ಚುತನ. ದೇಹದ ಉಪ್ಪು, ಪೊಟ್ಯಾಸಿಯಂ ಏರುಪೇರಾದರೆ ಹೃದಯದ ಬಡಿತವೇ ತಪ್ಪಬಹುದು.

ಬೇಸಿಗೆಯಲ್ಲಿ ಜಾಸ್ತಿ, ಚಳಿಯಲ್ಲಿ ಕಡಿಮೆ. ಯಾಕೆ?

ಮೈಯ ಬಿಸಿಯನ್ನು ಹೊರಗೆ ಹಾಕಲು ದೇಹ ಚರ್ಮದ ಕಡೆಗೆ ಹೆಚ್ಚು ರಕ್ತ ಕಳಿಸುತ್ತದೆ. ಆಗ ನಾಳಗಳು ಹಿಗ್ಗುತ್ತವೆ. ಚಳಿಯಲ್ಲಿ ಬಿಸಿ ಉಳಿಸಿಕೊಳ್ಳಲು ಅವೇ ನಾಳಗಳು ಕುಗ್ಗುತ್ತವೆ. ಬಿಸಿನೀರಿನ ಸ್ನಾನ ಮುಗಿಸಿದ ತಕ್ಷಣ ಕೈ ನೋಡಿಕೊಂಡರೆ ಗೊತ್ತಾಗುತ್ತದೆ.

ಬಿಪಿ ಜಾಸ್ತಿ ಇದ್ದರೆ ಕೈಯ ನರ ಉಬ್ಬುತ್ತದಾ?

ಹಾಗಂತ ತುಂಬಾ ಜನ ನಂಬಿದ್ದಾರೆ. ಆದರೆ ಬಿಪಿ ಯಂತ್ರ ಅಳೆಯುವುದು ಹೃದಯದಿಂದ ರಕ್ತ ಹೊರಗೆ ತರುವ ಅಪಧಮನಿಯ ಒತ್ತಡವನ್ನು. 120/80 ಅನ್ನುವ ಅಂಕಿ ಅಲ್ಲಿಯದು. ಕಣ್ಣಿಗೆ ಕಾಣುವುದು ವಾಪಸ್ ಹೋಗುವ ನಾಳ. ಮಲಗಿದ್ದಾಗ ಅದರೊಳಗಿನ ಒತ್ತಡ ಸುಮಾರು 10ರ ಆಸುಪಾಸು ಮಾತ್ರ. ಕೈ ನುಣ್ಣಗಿರುವವರಿಗೂ ಬಿಪಿ 180 ಇರಬಹುದು, ಹಗ್ಗದಂತೆ ನರ ಉಬ್ಬಿದವರಿಗೆ 110 ಇರಬಹುದು. ಬಿಪಿ ತಿಳಿಯಲು ಪಟ್ಟಿ ಕಟ್ಟಿಯೇ ನೋಡಬೇಕು.

ರಕ್ತ ಕೆಂಪು ತಾನೇ? ಮತ್ತೆ ನೀಲಿ ಯಾಕೆ?

ಒಳಗಿರುವ ರಕ್ತ ಕಡುಗೆಂಪೇ. ರಕ್ತಪರೀಕ್ಷೆಗೆ ಸಿರಿಂಜಿನಲ್ಲಿ ತೆಗೆದಾಗ ನೋಡಿರುತ್ತೀರಿ. ಬೆಳಕಿನ ಕೆಂಪು ಭಾಗ ಚರ್ಮದೊಳಗೆ ಆಳಕ್ಕೆ ಇಳಿದು ರಕ್ತದಲ್ಲಿ ಒಂದಿಷ್ಟು ಇಂಗಿಹೋಗುತ್ತದೆ. ನೀಲಿ ಭಾಗ ಅಷ್ಟು ಆಳಕ್ಕೆ ಹೋಗದೆ ಮೇಲಿಂದಲೇ ಚದುರಿ ಕಣ್ಣಿಗೆ ವಾಪಸ್ ಬರುತ್ತದೆ. ಹಾಗಾಗಿ ನಾಳದ ಜಾಗ ಸುತ್ತಲಿನ ಚರ್ಮಕ್ಕಿಂತ ನೀಲಿಯಾಗಿ ಕಾಣುತ್ತದೆ. ‘ಕೆಟ್ಟ ರಕ್ತ ತುಂಬಿದೆ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆಮ್ಲಜನಕ ಕೊಟ್ಟು ಮುಗಿಸಿ ಶ್ವಾಸಕೋಶದ ಕಡೆ ಹೊರಟ ರಕ್ತ ಅದು.

ನಾಳದ ಮೇಲೆ ಅಲ್ಲಲ್ಲಿ ಸಣ್ಣ ಗಂಟು ಕಾಣುತ್ತದೆ. ಅದೇನು?

ಬಹುಮಟ್ಟಿಗೆ ಅದು ಕವಾಟ. ರಕ್ತ ಹಿಂದಕ್ಕೆ ಇಳಿಯದಂತೆ ನಾಳದೊಳಗೆ ಪುಟ್ಟ ಬಾಗಿಲುಗಳಿವೆ. ಅವು ಇರುವ ಕಡೆ ನಾಳ ಸ್ವಲ್ಪ ಉಬ್ಬಿರುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ರಕ್ತ ಸುತ್ತುತ್ತದೆ ಅಂತ 1628ರಲ್ಲಿ ತೋರಿಸಿಕೊಟ್ಟಿದ್ದು ಹೀಗೆ ಮುಂಗೈಯ ನಾಳಗಳನ್ನು ಒತ್ತಿ ಒತ್ತಿಯೇ.

ನೀವೂ ಮಾಡಿ ನೋಡಬಹುದು. ಕೈ ಇಳಿಬಿಟ್ಟು ಮುಂಗೈಯಲ್ಲಿ ಚೆನ್ನಾಗಿ ಕಾಣುವ ಒಂದು ನಾಳ ಆರಿಸಿಕೊಳ್ಳಿ. ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳನ್ನು ಅಲ್ಲಿಂದ ಮೊಣಕೈ ಕಡೆಗೆ, ಆ ಗಂಟು ದಾಟುವವರೆಗೆ ಸವರಿ ಎತ್ತಿಬಿಡಿ. ಗಂಟಿನವರೆಗಿನ ಭಾಗ ಖಾಲಿಯಾಗಿಯೇ ಉಳಿಯುತ್ತದೆ. ಮೇಲಿನ ರಕ್ತ ಕೆಳಗೆ ಇಳಿಯಲು ಕವಾಟ ಬಿಡುವುದಿಲ್ಲ. ಮೊದಲ ಬೆರಳು ಎತ್ತಿದ ಕೂಡಲೇ ಕೆಳಗಿನಿಂದ ರಕ್ತ ನುಗ್ಗಿ ಗೆರೆ ಮತ್ತೆ ತುಂಬಿಕೊಳ್ಳುತ್ತದೆ.

ಒತ್ತಿದರೆ ತಗ್ಗದ ಗಟ್ಟಿ ಗಂಟು, ದಿನದಿನಕ್ಕೆ ದೊಡ್ಡದಾಗುವ ಗಂಟು, ನಾಡಿಯಂತೆ ಮಿಡಿಯುವ ಗಂಟು ಇದ್ದರೆ ಅದು ಬೇರೆ ವಿಷಯ. ವೈದ್ಯರಿಗೆ ತೋರಿಸಿ.

ನಮ್ಮದು ಸರಿ ಇದೆಯಾ ಅಂತ ಮನೆಯಲ್ಲೇ ನೋಡುವುದು ಹೇಗೆ?

ನೇರವಾಗಿ ಕುಳಿತುಕೊಳ್ಳಿ. ಕೈಯನ್ನು ಅರ್ಧ ನಿಮಿಷ ಕೆಳಗೆ ಇಳಿಬಿಡಿ, ನಾಳಗಳು ತುಂಬಿಕೊಳ್ಳುತ್ತವೆ. ಈಗ ಕೈಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಎದೆಯ ಮಟ್ಟ ದಾಟಿ ಭುಜ, ತಲೆಯ ಕಡೆ ಬರುವಷ್ಟರಲ್ಲಿ ಉಬ್ಬಿದ್ದ ಗೆರೆಗಳು ಚಪ್ಪಟೆಯಾಗಬೇಕು. ಕೆಲವರಲ್ಲಿ ಗೆರೆ ಇದ್ದ ಜಾಗದಲ್ಲಿ ಸಣ್ಣ ತಗ್ಗೇ ಕಾಣುತ್ತದೆ. ರಕ್ತ ಸಲೀಸಾಗಿ ಹೃದಯಕ್ಕೆ ಇಳಿದುಹೋಗುತ್ತಿದೆ ಅನ್ನುವುದಕ್ಕೆ ಇದೇ ಗುರುತು.

ಕೈಯನ್ನು ತಲೆಯ ಮೇಲೆ ಎತ್ತಿ ಹಿಡಿದರೂ ನಾಳಗಳು ತುಂಬಿಕೊಂಡೇ ಇದ್ದರೆ ದಾರಿಯಲ್ಲಿ ಎಲ್ಲೋ ತಡೆ ಇರಬಹುದು. ಇಲ್ಲವೇ ಹೃದಯದ ಬಲಭಾಗದ ಕಡೆ ಒತ್ತಡ ಹೆಚ್ಚಿರಬಹುದು. ಜೊತೆಗೆ ಕುತ್ತಿಗೆಯ ನಾಳ ಉಬ್ಬಿದ್ದು, ಕಾಲು ಊದಿದ್ದು, ಮಲಗಿದರೆ ಉಸಿರು ಕಟ್ಟುತ್ತಿದ್ದರೆ ತಡಮಾಡದೆ ಹೃದಯದ ತಪಾಸಣೆ ಆಗಬೇಕು. ಈ ಪರೀಕ್ಷೆಯನ್ನು ಮಲಗಿಕೊಂಡು ಮಾಡಬೇಡಿ, ಸರಿಯಾಗಿ ಗೊತ್ತಾಗುವುದಿಲ್ಲ.

ಒಂದೇ ಕೈಯಲ್ಲಿ ಇದ್ದಕ್ಕಿದ್ದಂತೆ ಉಬ್ಬಿದರೆ?

ಇದನ್ನು ಹಗುರವಾಗಿ ನೋಡಬೇಡಿ. ಕಂಕುಳು, ಭುಜದ ಭಾಗದ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೆ ಇಡೀ ಕೈ ಊದಿಕೊಳ್ಳುತ್ತದೆ. ಭಾರವೆನಿಸುತ್ತದೆ, ಸೆಳೆಯುತ್ತದೆ, ಬಣ್ಣ ನೀಲಿ ಅಥವಾ ಕೆಂಪಾಗುತ್ತದೆ. ದೊಡ್ಡ ದಾರಿ ಮುಚ್ಚಿದ್ದರಿಂದ ರಕ್ತ ಚರ್ಮದ ಕೆಳಗಿನ ಸಣ್ಣ ನಾಳಗಳಲ್ಲಿ ನುಗ್ಗುತ್ತದೆ. ಹಾಗಾಗಿ ಭುಜ, ಎದೆಯ ಮೇಲೆ ಹೊಸ ಗೆರೆಗಳು ಮೂಡುತ್ತವೆ. ಉಂಗುರ, ಗಡಿಯಾರ, ತೋಳಿನ ಹೊಲಿಗೆ ಒಂದೇ ಕಡೆ ಬಿಗಿಯಾಗಿರುವುದು ಮೊದಲು ಗಮನಕ್ಕೆ ಬರುವ ಸುಳಿವು.

ಎದೆಯ ಪಕ್ಕದ ದೊಡ್ಡ ನಾಳಕ್ಕೆ ಕೊಳವೆ ಹಾಕಿಸಿಕೊಂಡವರು, ಪೇಸ್‌ಮೇಕರ್ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಈ ಅಪಾಯ ಹೆಚ್ಚು. ಗಟ್ಟಿಮುಟ್ಟಾದ ಯುವಕರಲ್ಲೂ ಇದು ಬರುತ್ತದೆ ಅನ್ನುವುದು ಹಲವರಿಗೆ ಗೊತ್ತಿಲ್ಲ. ಭಾರ ಎತ್ತುವವರು, ಈಜುಗಾರರು, ಚೆಂಡು ಎಸೆಯುವ ಆಟಗಾರರು ಕೈಯನ್ನು ಮತ್ತೆ ಮತ್ತೆ ತಲೆಯ ಮೇಲೆ ಎತ್ತುತ್ತಾರೆ. ಆಗ ಕೊರಳೆಲುಬು (ಕಾಲರ್ ಬೋನ್) ಮತ್ತು ಮೊದಲ ಪಕ್ಕೆಲುಬಿನ ನಡುವೆ ನಾಳ ಸಿಕ್ಕಿ ಹಿಸುಕಿ, ಒಳಗೆ ಹೆಪ್ಪುಗಟ್ಟಬಹುದು. ‘ನಿನ್ನೆ ಜಿಮ್‌ನಲ್ಲಿ ಉಳುಕಿರಬೇಕು’ ಅಂತ ಎಣ್ಣೆ ಹಚ್ಚಿ ತಿಕ್ಕುತ್ತಾ ಕೂರಬೇಡಿ. ಹೆಪ್ಪು ಇರುವ ಅನುಮಾನ ಇದ್ದಾಗ ತಿಕ್ಕಲೇಬಾರದು. ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿದರೆ ಹೆಚ್ಚಾಗಿ ತಿಳಿಯುತ್ತದೆ. ಹೆಪ್ಪು ಇದ್ದರೆ ರಕ್ತ ಹೆಪ್ಪುಗಟ್ಟದಂತೆ ಮಾಡುವ ಔಷಧಿಯನ್ನು ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಕೊಡುತ್ತಾರೆ.

ಯಾವಾಗ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು?

ಕೈ ಊತದ ಜೊತೆ ಉಸಿರಾಟಕ್ಕೆ ಕಷ್ಟ, ಎದೆನೋವು, ಕೆಮ್ಮಿದಾಗ ರಕ್ತ ಬಂದರೆ ಆ ಕ್ಷಣವೇ ಹೊರಡಿ. ಹೆಪ್ಪಿನ ಚೂರು ಶ್ವಾಸಕೋಶಕ್ಕೆ ಹೋಗಿರಬಹುದು. ಮುಖ, ಕುತ್ತಿಗೆ, ಎರಡೂ ತೋಳು ಒಟ್ಟಿಗೆ ಊದಿ, ಬಗ್ಗಿದಾಗ ತಲೆ ಭಾರವಾಗಿ, ಎದೆಯ ಮೇಲೆ ನಾಳಗಳು ಎದ್ದರೂ ಕಾಯಬೇಡಿ. ಮೇಲ್ಭಾಗದ ರಕ್ತವೆಲ್ಲ ಸೇರಿ ಹೃದಯಕ್ಕೆ ಇಳಿಯುವ ದೊಡ್ಡ ನಾಳಕ್ಕೆ ಅಡ್ಡಿಯಾದಾಗ ಹೀಗಾಗುತ್ತದೆ.

ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ ಕಡೆ ನಾಳ ಗಟ್ಟಿಯಾಗಿ ನೋಯುತ್ತಿದೆ. ಏನು ಮಾಡಲಿ?

ಸೂಜಿ ಅಥವಾ ಔಷಧಿಯಿಂದ ನಾಳದ ಗೋಡೆ ಕೆರಳಿ ಉರಿಯೂತ ಬಂದಿರುತ್ತದೆ. ಮುಟ್ಟಿದರೆ ದಾರದಂತೆ ಗಟ್ಟಿಯಾಗಿ ಸಿಗುತ್ತದೆ, ಮೇಲೆ ಕೆಂಪಗಿರುತ್ತದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಕೈ ಎತ್ತರದಲ್ಲಿಟ್ಟುಕೊಳ್ಳುವುದು, ವೈದ್ಯರು ಹೇಳಿದ ನೋವಿನ ಮಾತ್ರೆ ಅಥವಾ ಜೆಲ್ ಸಾಕಾಗುತ್ತದೆ. ನೋವು ಬೇಗ ಹೋದರೂ ಗಟ್ಟಿತನ ವಾರಗಟ್ಟಲೆ ಉಳಿಯಬಹುದು. ಜ್ವರ, ಕೀವು, ತೋಳಿನತ್ತ ಏರುವ ಕೆಂಪು ಗೆರೆ ಕಂಡರೆ ಸೋಂಕು ತಗುಲಿದೆ ಅಂತ ಅರ್ಥ. ಮನೆಮದ್ದು ಸಾಲದು.

ತೂಕ ಇಳಿದ ಮೇಲೆ ನರ ಕಾಣತೊಡಗಿದೆ.

ನೀವೇ ಬೇಕೆಂದು ಇಳಿಸಿದ್ದರೆ ಸಹಜ. ಏನೂ ಮಾಡದೆ ಇಳಿದಿದ್ದರೆ ಆ ಇಳಿಕೆಗೆ ಕಾರಣ ಹುಡುಕಬೇಕು. 6ರಿಂದ 12 ತಿಂಗಳಲ್ಲಿ ತೂಕದ 5%ಗಿಂತ ಹೆಚ್ಚು, ಅಂದರೆ 60 ಕಿಲೋ ಇದ್ದವರು 3 ಕಿಲೋಗಿಂತ ಜಾಸ್ತಿ ತಾನಾಗಿ ಕಳೆದುಕೊಂಡರೆ ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು, ಕ್ಷಯ, ಕರುಳಿನ ತೊಂದರೆ, ಖಿನ್ನತೆ, ಕ್ಯಾನ್ಸರ್ ಎಲ್ಲವೂ ಆ ಪಟ್ಟಿಯಲ್ಲಿವೆ.

ಗರ್ಭಿಣಿಯರಲ್ಲಿ?

ಸಾಮಾನ್ಯ. ಗರ್ಭಾವಸ್ಥೆಯಲ್ಲಿ ಮೈಯ ರಕ್ತದ ಪ್ರಮಾಣ 40ರಿಂದ 50% ಹೆಚ್ಚುತ್ತದೆ. ಕೈ, ಎದೆ, ಕಾಲಿನಲ್ಲಿ ನಾಳಗಳು ಎದ್ದು ಕಾಣುತ್ತವೆ. ಹೆರಿಗೆಯ ನಂತರ ನಿಧಾನಕ್ಕೆ ಇಳಿಯುತ್ತವೆ. ಒಂದೇ ಕೈ ಅಥವಾ ಒಂದೇ ಕಾಲು ಊದಿ ನೋಯುತ್ತಿದ್ದರೆ ಮಾತ್ರ ತೋರಿಸಿ. ಗರ್ಭಿಣಿಯರಲ್ಲಿ, ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿ.

ನನ್ನದು ಉಲ್ಟಾ ಕಥೆ. ರಕ್ತ ತೆಗೆಯಲು ಹೋದರೆ ನರವೇ ಸಿಗುವುದಿಲ್ಲ!

ಇದು ಕಾಯಿಲೆಯಲ್ಲ, ಆದರೆ ಪ್ರತಿ ಸಲ ಎರಡು ಮೂರು ಕಡೆ ಚುಚ್ಚಿಸಿಕೊಳ್ಳುವುದು ಹಿಂಸೆಯೇ. ಹಿಂದಿನ ದಿನದಿಂದ ಚೆನ್ನಾಗಿ ನೀರು ಕುಡಿಯಿರಿ. ಖಾಲಿ ಹೊಟ್ಟೆಯ ಪರೀಕ್ಷೆಗೂ ಸಾಮಾನ್ಯವಾಗಿ ಬರೀ ನೀರು ಕುಡಿಯಬಹುದು, ಲ್ಯಾಬಿನವರನ್ನು ಒಂದು ಮಾತು ಕೇಳಿ. ಎಸಿ ಕೋಣೆಯಲ್ಲಿ ಕೈ ತಣ್ಣಗಾಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಸ್ವಲ್ಪ ಹೊತ್ತು ಇಳಿಬಿಡಿ. ಹಿಂದಿನ ಸಲ ಯಾವ ಕೈಯಲ್ಲಿ, ಎಲ್ಲಿ ಸಿಕ್ಕಿತ್ತು ಅಂತ ಮೊದಲೇ ಹೇಳಿಬಿಡಿ, ಸಂಕೋಚ ಬೇಡ. ಸೂಜಿ ತೆಗೆದ ಮೇಲೆ ಮೊಣಕೈ ಮಡಚದೆ, ನೇರವಾಗಿಟ್ಟು ಹತ್ತಿಯಿಂದ ಕೆಲವು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದರೆ ನೀಲಿಗಟ್ಟುವುದು ಕಡಿಮೆ.

ಕಾಲಿಗೆ ಬರುವ ವೆರಿಕೋಸ್ ವೇನ್ಸ್ (ಹಿಗ್ಗಿ ಸುರುಳಿಯಾದ ನಾಳ) ಕೈಗೂ ಬರುತ್ತದಾ?

ತೀರಾ ಅಪರೂಪ. ನಿಂತಾಗ ಕಾಲಿನ ರಕ್ತ ಅಷ್ಟು ಎತ್ತರ ಏರಿ ಹೃದಯ ಸೇರಬೇಕು. ಕವಾಟಗಳ ಮೇಲೆ ಭಾರ ಬೀಳುವುದು ಅಲ್ಲಿ. ಕೈ ಹೃದಯಕ್ಕೆ ಹತ್ತಿರ, ದಿನವಿಡೀ ಮೇಲೆ ಕೆಳಗೆ ಆಡುತ್ತಲೂ ಇರುತ್ತದೆ.

ಕೈಯ ಈ ಗೆರೆಗಳು ಕಾಣದಂತೆ ಮಾಡಲು ಆಗುತ್ತದಾ?

ಆಗುತ್ತದೆ. ಕೈಯ ಹಿಂಬದಿಗೆ ಫಿಲ್ಲರ್ (ಚರ್ಮದ ಕೆಳಗೆ ತುಂಬುವ ಜೆಲ್‌ನಂಥ ವಸ್ತು) ಅಥವಾ ಮೈಯದೇ ಕೊಬ್ಬು ತುಂಬುವುದು, ಚುಚ್ಚುಮದ್ದಿನಿಂದ ನಾಳವನ್ನೇ ಮುಚ್ಚುವುದು, ಲೇಸರ್, ಹೀಗೆ ದಾರಿಗಳಿವೆ. ನನ್ನ ಅಭಿಪ್ರಾಯ ಕೇಳಿದರೆ, ಆರೋಗ್ಯವಾದ ನಾಳವನ್ನು ಅಂದಕ್ಕಾಗಿ ಮುಚ್ಚಿಸುವ ಮೊದಲು ಹತ್ತು ಸಲ ಯೋಚಿಸಿ. ನಾಳೆ ಜ್ವರ ಬಂದು ಆಸ್ಪತ್ರೆ ಸೇರಿದರೆ ಡ್ರಿಪ್ ಹಾಕಲು ನರ್ಸ್ ಹುಡುಕುವುದು ಅದೇ ನಾಳವನ್ನು. ಎಣ್ಣೆ, ವಿನೆಗರ್, ಮುಲಾಮು ಹಚ್ಚಿದರೆ ನಾಳ ಮಾಯವಾಗದು. ಕೈಗೂ ಸನ್‌ಸ್ಕ್ರೀನ್ ಹಚ್ಚುವುದರಿಂದ ಚರ್ಮ ಸೊರಗುವುದು ನಿಧಾನವಾಗುತ್ತದೆ. ಎಸ್‌ಪಿಎಫ್ (ಬಿಸಿಲು ತಡೆಯುವ ಅಳತೆ) 30 ಅಥವಾ ಹೆಚ್ಚಿನದು ಇರಲಿ, ಕೈ ತೊಳೆದಾಗ ಮತ್ತೆ ಹಚ್ಚಿ.

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಅಷ್ಟು ದಪ್ಪ ನರ ಯಾಕೆ?

ಅದು ಬೇಕೆಂದೇ ಮಾಡಿದ್ದು. ಚಿಕ್ಕ ಶಸ್ತ್ರಚಿಕಿತ್ಸೆಯಲ್ಲಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುತ್ತಾರೆ. ರಭಸದ ರಕ್ತ ನುಗ್ಗಿ ನಾಳ ಕೆಲವು ವಾರ, ತಿಂಗಳಲ್ಲಿ ಹಿಗ್ಗಿ ಗಟ್ಟಿಯಾಗುತ್ತದೆ, ದಪ್ಪ ಸೂಜಿ ಮತ್ತೆ ಮತ್ತೆ ತಾಳುತ್ತದೆ. ಇದಕ್ಕೆ ಫಿಸ್ಟುಲಾ ಅನ್ನುತ್ತಾರೆ. 1966ರಲ್ಲಿ ನ್ಯೂಯಾರ್ಕಿನ ವೈದ್ಯರು ಈ ವಿಧಾನವನ್ನು ಪ್ರಕಟಿಸಿದರು. ಅದರ ಮೇಲೆ ಬೆರಳಿಟ್ಟರೆ ಒಳಗೆ ಝುಂ ಅಂತ ನಡುಗುವುದು ತಿಳಿಯುತ್ತದೆ. ಆ ನಡುಕ ನಿಂತರೆ ಅದೇ ದಿನ ಡಯಾಲಿಸಿಸ್ ಕೇಂದ್ರಕ್ಕೆ ತಿಳಿಸಬೇಕು. ಆ ಕೈಯಲ್ಲಿ ಬಿಪಿ ನೋಡುವುದು, ಪರೀಕ್ಷೆಗೆ ರಕ್ತ ತೆಗೆಯುವುದು ಬೇಡ. ಮೂತ್ರಪಿಂಡದ ಕಾಯಿಲೆ ಮುಂದುವರಿದಿದ್ದು ಇನ್ನೂ ಡಯಾಲಿಸಿಸ್ ಶುರುವಾಗದವರೂ ಮುಂಗೈಯ ನಾಳಗಳನ್ನು ಕಾಪಾಡಿಕೊಳ್ಳಬೇಕು. ರಕ್ತ ತೆಗೆಯುವುದಿದ್ದರೆ ಕೈಯ ಹಿಂಬದಿಯಿಂದ ತೆಗೆಯಿರಿ ಅಂತ ಕೇಳಿ.

ಯಾವ ವೈದ್ಯರ ಹತ್ತಿರ ಹೋಗಲಿ? ಏನು ಹೇಳಲಿ?

ಮೊದಲು ನಿಮ್ಮ ಮಾಮೂಲಿ ವೈದ್ಯರೇ ಸಾಕು. ಬೇಕಾದರೆ ಅವರೇ ರಕ್ತನಾಳದ ತಜ್ಞರ ಬಳಿ ಕಳಿಸುತ್ತಾರೆ. ಯಾವಾಗಿನಿಂದ, ಒಂದೇ ಕೈಯಾ ಎರಡೂನಾ, ಕೈ ಎತ್ತಿದಾಗ ಇಳಿಯುತ್ತದಾ, ಇತ್ತೀಚೆಗೆ ಡ್ರಿಪ್ ಹಾಕಿಸಿದ್ದಿರಾ, ಯಾವ ಮಾತ್ರೆ ನಡೆಯುತ್ತಿದೆ ಅನ್ನುವುದನ್ನು ಹೇಳಿ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿದ್ದಿದ್ದರೆ ಅದನ್ನೂ ಬಿಡಬೇಡಿ. ಉಬ್ಬಿದ್ದಾಗಲೇ ಎರಡೂ ಕೈಯನ್ನು ಪಕ್ಕಪಕ್ಕ ಇಟ್ಟು ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡು ಹೋಗಿ. ಕ್ಲಿನಿಕ್ಕಿನಲ್ಲಿ ಕಾಯುತ್ತಾ ಕೂತಷ್ಟರಲ್ಲಿ ಉಬ್ಬು ಇಳಿದುಹೋಗಿರುವುದುಂಟು.